ಸುಣ್ಣವಿಲ್ಲದ ತಟ್ಟೆ

ನಮ್ಮ ಮನೆಯಲ್ಲಿ ಗಂಡಸು ಯಜಮಾನನಿರಲಿಲ್ಲ, ಆದರೆ ಕಾನೂನಿತ್ತು. ಈ ಮಾತನ್ನು ಎಲ್ಲಿ ಹೇಳಿದರೂ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಮರುಕ ಪಡುತ್ತಾರೆ. ಎರಡೂ ನನಗೆ ಬೇಡ. ಕಾಲೇಜಿನ ಚರ್ಚಾಕೂಟದಲ್ಲಿ ಒಮ್ಮೆ ವೇಶ್ಯಾವೃತ್ತಿಯನ್ನು ನಿಷೇಧಿಸಬೇಕೋ, ಲೈಸೆನ್ಸು ಕೊಟ್ಟು ಹದ್ದುಬಸ್ತಿನಲ್ಲಿಡಬೇಕೋ ಎಂಬ ವಿಷಯ ಕೊಟ್ಟಿದ್ದರು. ನಾನು ಮೊದಲ ಸಲ ನಿಷೇಧದ ಪರ ನಿಂತೆ, ಮುಂದಿನ ಸಲ ಲೈಸೆನ್ಸಿನ ಪರ ನಿಂತೆ. ಎರಡು ಸಲವೂ ಬಹುಮಾನ ನನಗೇ ಬಂತು. ಅವತ್ತಿನಿಂದ ಈ ವಿಷಯದಲ್ಲಿ ವೇದಿಕೆಯ ಮೇಲಿನ ಗೆಲುವಿನ ಬಗ್ಗೆ ನನಗೆ ನಂಬಿಕೆಯಿಲ್ಲ. ನನ್ನ ಹತ್ತಿರ ಇರುವ ಪುರಾವೆ ಶಿರಾಳಕೊಪ್ಪದ ಆ ಮನೆ, ಅಲ್ಲಿ ಬಿದ್ದ ಏಟುಗಳು.

ಮನೆಯೇನೂ ದೊಡ್ಡದಲ್ಲ. ಬೀದಿಗೆ ಜಗಲಿ, ಜಗಲಿ ದಾಟಿದರೆ ಪಡಸಾಲೆ, ಅದರ ಆಚೀಚೆ ಎರಡು ಕೋಣೆ, ಹಿಂದೆ ಅಡಿಗೆಮನೆ, ಹಿತ್ತಲಲ್ಲಿ ಬಾವಿ. ಹೊರಗಿನವರು ಬಂದಾಗ ಅಡಿಗೆಮನೆಯ ಹೊಸ್ತಿಲು ದಾಟುವ ಅಧಿಕಾರ ನನಗಿರಲಿಲ್ಲ. ಮೂವರು ಹೆಂಗಸರು: ಅಜ್ಜಿ ಹೊನ್ನವ್ವ, ಅವಳ ದೊಡ್ಡ ಮಗಳು ಗಂಗವ್ವ, ಅಂದರೆ ನನ್ನ ಅವ್ವ, ಚಿಕ್ಕ ಮಗಳು ಶಾಂತವ್ವ, ನನಗೆ ಚಿಗವ್ವ. ನಮ್ಮವರು ಬಳ್ಳಿಗಾವಿಯ ಗುಡಿಯಲ್ಲಿ ಕುಣಿಯುತ್ತಿದ್ದವರ ವಂಶವೆಂದು ಚಿಗವ್ವ ಹೇಳುತ್ತಿದ್ದಳು. ನಾನು ಅದನ್ನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಹಸಿವಿಗೆ ಶಿಲಾಶಾಸನ ಬೇಕಾಗುವುದಿಲ್ಲ. ಅಜ್ಜಿಯ ಕಾಲದಲ್ಲಿ ಅಜ್ಜಿ ದುಡಿದಳು. ಆಮೇಲೆ ಇವರಿಬ್ಬರೂ ದುಡಿದರು. ನಾನು ಮಾತ್ರ ಶಾಲೆಗೆ ಹೋಗಬೇಕೆಂದು ಮೂವರೂ ಒಂದೇ ಮಾತಿನಲ್ಲಿದ್ದರು. ಆ ಮನೆಯಲ್ಲಿ ಮೂವರೂ ಜಗಳವಿಲ್ಲದೆ ಒಪ್ಪಿಕೊಂಡದ್ದು ಅದೊಂದೇ ವಿಷಯ.

ಜಗಲಿಯ ಮೇಲೆ ಅಜ್ಜಿ ಕೂರುತ್ತಿದ್ದಳು. ಅವಳ ಬೆನ್ನ ಹಿಂದೆ ಗೋಡೆಗೆ ಸಾಲಾಗಿ ಗೂಟ ಹೊಡೆದಿತ್ತು. ಸಂತೆಯ ದಿನ ಹೊಸಬಾಳೆ, ಬಳ್ಳಿಗಾವಿ ಕಡೆಯಿಂದ ಬರುವ ಗಂಡಸರ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತಿತ್ತು. ಅದನ್ನು ಬಿಚ್ಚಿ ಗೂಟಕ್ಕೆ ಹಾಕದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

“ಕತ್ತಿ ಬಿಚ್ಚಿಡಪ್ಪ. ಇಲ್ಲಿ ಕೊಯ್ಯಾಕೆ ಏನೂ ಬೆಳೆದಿಲ್ಲ,” ಎನ್ನುತ್ತಿದ್ದಳು ಅಜ್ಜಿ.

ಹೆಂಡ ಕುಡಿದು ಬಂದವನಿಗೆ ನೀರು ಕೊಟ್ಟು ಕಳಿಸುವುದು. ದುಡಿದು ಬಂದವಳಿಗೆ ಮೊದಲ ತಟ್ಟೆ; ಅವಳು ಉಂಡ ಮೇಲೆ ಉಳಿದವರು. ಮೈ ಸರಿಯಿಲ್ಲದ ದಿನ ಅವಳನ್ನು ಯಾರೂ ಏನೂ ಕೇಳಕೂಡದು. ಇವೆಲ್ಲಕ್ಕಿಂತ ದೊಡ್ಡದು ಸುಣ್ಣದ ಕಾನೂನು. ಬಂದವನು ಪಡಸಾಲೆಯಲ್ಲಿ ಕೂತ ಮೇಲೆ, ಯಾರನ್ನು ಕೇಳಿಕೊಂಡು ಬಂದಿದ್ದಾನೋ ಅವಳೇ ಎಲೆಯಡಿಕೆ ತಟ್ಟೆ ತಂದು ಮುಂದಿಡಬೇಕು. ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇದ್ದರೆ ಅವಳಿಗೆ ಒಪ್ಪಿಗೆ, ಇಲ್ಲದಿದ್ದರೆ ಇಲ್ಲ. ಕಾರಣ ಕೇಳುವಂತಿಲ್ಲ, ಹೇಳಬೇಕಾಗಿಯೂ ಇಲ್ಲ. ಅವನು ಬರೀ ಎಲೆಯಡಿಕೆ ಅಗಿದು, ಮಳೆ ಬೆಳೆಯ ಮಾತಾಡಿ, ಕತ್ತಿ ಇಳಿಸಿಕೊಂಡು ಹೋಗಬೇಕು. ಯಾರೂ ಬೇಡವೆನ್ನಲಿಲ್ಲ, ಯಾರಿಗೂ ಅವಮಾನವಾಗಲಿಲ್ಲ. ಸುತ್ತಲ ಹಳ್ಳಿಯ ಗಂಡಸರಿಗೆಲ್ಲ ಇದು ಗೊತ್ತಿತ್ತು. ಒಮ್ಮೆ ನಾನು ಆಟಕ್ಕೆಂದು ಖಾಲಿ ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇಟ್ಟು ಹೊಸ್ತಿಲ ತನಕ ತಂದಿದ್ದಕ್ಕೆ ಅವ್ವ ಕೆನ್ನೆಗೆ ಬಾರಿಸಿದ ಏಟು ಹೇಗಿತ್ತೆಂದರೆ ಸಂಜೆಯವರೆಗೂ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಹೊಡೆದವಳೇ ಹಿತ್ತಲಿಗೆ ಹೋಗಿ ಬಾವಿಕಟ್ಟೆಗೆ ತಲೆ ಚಚ್ಚಿಕೊಂಡಳು. ನಮ್ಮ ಮನೆಯಲ್ಲಿ ಪ್ರೀತಿಗೂ ಸಿಟ್ಟಿಗೂ ಕೈಯೇ ಮುಂದೆ ಬರುತ್ತಿತ್ತು.

ಹೊಸ ಪೈಸೆ ಬಂದು ಸಂತೆಯಲ್ಲಿ ದಿನವೂ ತಕರಾರು ನಡೆಯುತ್ತಿದ್ದ ಕಾಲ ಅದು. ಅದರ ಹಿಂದೆಯೇ ಹೆಂಗಸರ ಕಸುಬಿನ ಮೇಲೂ ಹೊಸ ಕಾನೂನು ಬಂದಿದೆಯೆಂಬ ಸುದ್ದಿ ಬಂತು. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಚಿಗವ್ವ ತನ್ನ ಅಭಿಪ್ರಾಯ ಕೊಟ್ಟಳು. ಅವಳಿಗೆ ಲೈಸೆನ್ಸು ಬೇಕಿತ್ತು.

“ಹೋಟ್ಲಿಗೆ ಲೈಸನ್ಸ್ ಐತೆ, ಬಸ್ಸಿಗೆ ಐತೆ, ಹೆಂಡದಂಗಡಿಗೂ ಐತೆ. ನಮಗೊಂದು ಕೊಟ್ಟು ಬಿಡ್ಲಿ. ಗೋಡೆಗೆ ನೇತಾಕ್ತೀನಿ. ಯಾವ ಪೋಲೀಸ್ನೋನು ಬಂದ್ರೂ ತೋರಿಸ್ತೀನಿ.”

“ನಾಯಿಗೂ ಬಿಲ್ಲೆ ಕಟ್ತಾರೆ ಕಣೆ,” ಅಂದಳು ಅಜ್ಜಿ. “ಕಟ್ಟಿದ ಮೇಲೆ ಅದ್ನ ಯಾರೂ ಬಡಿಯಾದಿಲ್ಲ ಅಂದ್ಕಂಡೀಯಾ? ಲೈಸನ್ಸ್ ಕೊಟ್ಟೋನು ನಾಳೆ ಬಂದು, ನೀನು ಯಾಕೆ ಸುಣ್ಣ ಇಡ್ಲಿಲ್ಲ ಅಂತ ಕೇಳ್ತಾನೆ.”

“ಕೇಳ್ಲಿ. ನೀ ಜಗಲಿ ಮ್ಯಾಲೆ ಕುಂತು ನಮ್ಮನ್ನ ಆಳೋದಕ್ಕಿಂತ ಅದು ಪಾಡು.”

ಅಜ್ಜಿ ಕೈಯಲ್ಲಿದ್ದ ಸೌಟು ಎಸೆದಳು. ಅದು ಚಿಗವ್ವನ ಹುಬ್ಬಿಗೆ ತಗುಲಿ ರಕ್ತ ಬಂತು. ಚಿಗವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಅವ್ವ ಅರಿಶಿನ ಒತ್ತುತ್ತ, “ಇಬ್ರೂ ಬಾಯಿ ಮುಚ್ರಿ, ಹುಡುಗಿ ಉಣ್ಲಿ,” ಅಂದಳು. ನಾನು ಆಮೇಲೆ ಕೇಳಿದ ಯಾವ ಚರ್ಚೆಯಲ್ಲೂ ಇವರಿಬ್ಬರು ಹೇಳಿದ್ದಕ್ಕಿಂತ ಹೊಸ ಮಾತು ಬಂದಿಲ್ಲ. ನಿಷೇಧ ಬೇಡುವವರು ನಮ್ಮ ಉದ್ಧಾರದ ಬಗ್ಗೆ ಹೇಳುತ್ತಾರೆ, ಲೈಸೆನ್ಸು ಬೇಡುವವರು ನಮ್ಮ ಹಕ್ಕಿನ ಬಗ್ಗೆ. ತಟ್ಟೆಯನ್ನು ಯಾರ ಕೈಗೆ ಕೊಡುತ್ತೀರಿ ಎಂದು ಕೇಳಿದರೆ ಇಬ್ಬರೂ ಗಡಿಯಾರ ನೋಡುತ್ತಾರೆ.

ಆ ತಿಂಗಳು ಶಾಲೆಯ ಮೈದಾನದಲ್ಲಿ ಒಂದು ಸಭೆಯಾಯಿತು. ಶಿವಮೊಗ್ಗದಿಂದ ಬಂದ ಖಾದಿ ಸೀರೆಯ ಒಬ್ಬ ಹೆಂಗಸು, ಇನ್ನು ಮೇಲೆ ಹೆಣ್ಣನ್ನು ಹಿಂಸಿಸುವ ಯಾರನ್ನೂ ಸರ್ಕಾರ ಬಿಡುವುದಿಲ್ಲ, ಎಷ್ಟು ದೊಡ್ಡ ಮನುಷ್ಯನಾದರೂ ಸರಿ, ಎಂದು ಭಾಷಣ ಮಾಡಿದರು. ಅಜ್ಜಿ ಮೈದಾನದ ಬೇಲಿಯ ಆಚೆ ನಿಂತು ಪೂರ್ತಿ ಕೇಳಿಸಿಕೊಂಡಳು. ಮನೆಗೆ ಬಂದು, “ಈ ಕಾನೂನು ನಮ್ಮ ಕಡೆಗೈತೆ,” ಅಂದಳು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸೊರಬದ ಕಡೆ ಕಾಡಿನ ಮರ ಕಡಿಸಿ ನಾಟಾ ಕಂತ್ರಾಟು ಮಾಡುತ್ತಿದ್ದ ವೀರಭದ್ರಪ್ಪ ಬಂದದ್ದು ಅದಾದ ಮೇಲಿನ ಸಂತೆಯ ದಿನ, ಮಧ್ಯಾಹ್ನ. ಹಿಂದೆ ಎರಡು ಸಲ ಅವ್ವ ಅವನ ಮುಂದೆ ಸುಣ್ಣವಿಲ್ಲದ ತಟ್ಟೆ ಇಟ್ಟಿದ್ದಳು, ಅವನು ಎದ್ದು ಹೋಗಿದ್ದ. ಅವತ್ತೂ ಹಾಗೇ ಇಟ್ಟಳು. ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿದ್ದೆ. ಅವನು ತಟ್ಟೆ ನೋಡಿದ, ನಕ್ಕ. ಅಂಗಿಯ ಜೇಬಿಗೆ ಕೈ ಹಾಕಿ ತನ್ನದೇ ಒಂದು ಹಿತ್ತಾಳೆಯ ಡಬ್ಬಿ ತೆಗೆದು ತಟ್ಟೆಯಲ್ಲಿಟ್ಟ.

“ಸುಣ್ಣ ನಾನೇ ತಂದೀನಿ ಮಾರಾಯ್ತಿ. ನಿಮ್ಮ ಶಾಸ್ತ್ರ ಮುಗೀತಲ್ಲ? ಏಳು.”

ಅವ್ವ ಡಬ್ಬಿಯನ್ನು ತೆಗೆದು ಬಾಗಿಲಾಚೆ ಬೀದಿಗೆ ಎಸೆದಳು. ಅವನು ಕೂತಲ್ಲಿಂದಲೇ ಅವಳ ಕೂದಲಿಗೆ ಕೈ ಹಾಕಿ ಎಳೆದ. ನಾಟಾ ಅಳೆಯುವ ಕೋಲೊಂದನ್ನು ಅವನು ಬಗಲಲ್ಲಿ ಇಟ್ಟುಕೊಂಡೇ ಒಳಗೆ ಬಂದಿದ್ದ. ಅದು ಕತ್ತಿಯಲ್ಲವೆಂದು ಅಜ್ಜಿ ಬಿಟ್ಟಿದ್ದಳು. ಅದರ ತುದಿಗೆ ಕಬ್ಬಿಣದ ಕಟ್ಟು. ಮೊದಲ ಏಟು ದವಡೆಗೆ ಬಿತ್ತು. ಹಲ್ಲು ಮುರಿದದ್ದು ನನಗೆ ಕೇಳಿಸಿತು, ಒಣಗಿದ ಕಡ್ಡಿ ಮುರಿದ ಹಾಗೆ. ಅವ್ವ ಕೂಗಲಿಲ್ಲ, ಕೂಗಲು ದವಡೆ ಆಡುತ್ತಿರಲಿಲ್ಲ. ಅಜ್ಜಿ ಜಗಲಿಯಿಂದ ಓಡಿ ಬಂದು ಅವನ ಬೆನ್ನಿಗೆ ಜೋತುಬಿದ್ದಳು, ಅವನು ಮೊಣಕೈಯಿಂದ ತಿವಿದು ಅವಳನ್ನು ಗೋಡೆಗೆ ಹಾಕಿದ. ಆಗ ಚಿಗವ್ವ ನನ್ನನ್ನು ದೂಡಿಕೊಂಡು ಹೋಗಿ, ಆಗಷ್ಟೇ ಅನ್ನ ಬಸಿದ ಸುಡುಗಂಜಿಯ ಪಾತ್ರೆಯನ್ನು ಇದ್ದ ಹಾಗೇ ಅವನ ಕುತ್ತಿಗೆಯ ಮೇಲೆ ಬಗ್ಗಿಸಿದಳು. ಅವನು ದನ ಅರಚಿದ ಹಾಗೆ ಅರಚಿ, ಕೋಲು ಬಿಟ್ಟು ಓಡಿದ. ಪಡಸಾಲೆಯಲ್ಲಿ ಗಂಜಿ, ರಕ್ತ, ಎಲೆ, ಅಡಿಕೆ. ಚಿಗವ್ವ ನನಗೆ ಹೇಳಿದ್ದು ಒಂದೇ: “ನೀರು ತಾ.”

ಬೇರೆ ಯಾವ ಮನೆಯವರಾದರೂ ಬಾಗಿಲು ಹಾಕಿಕೊಂಡು ಅರಿಶಿನ ಅರೆಯುತ್ತಿದ್ದರು. ಅಜ್ಜಿ ಹಾಗೆ ಮಾಡಲಿಲ್ಲ. ಅವಳ ಮನೆಯ ಕಾನೂನು ಮುರಿದಿತ್ತು, ಸರ್ಕಾರದ ಕಾನೂನು ತನ್ನ ಕಡೆಗಿದೆಯೆಂದು ಮೈದಾನದಲ್ಲಿ ಕೇಳಿ ಬಂದಿದ್ದಳು. ಒಗೆದ ಸೀರೆ ಉಟ್ಟಳು. ಅವ್ವನ ದವಡೆಗೆ ಹಳೆ ಸೀರೆಯ ಬಟ್ಟೆ ಸುತ್ತಿ ತಲೆಯ ಮೇಲೆ ಗಂಟು ಹಾಕಿದಳು. ಚಿಗವ್ವನನ್ನು ಮನೆ ಕಾಯಲು ಬಿಟ್ಟು, ನನ್ನ ಕೈ ಹಿಡಿದುಕೊಂಡು, ತುಂಬಿದ ಸಂತೆಯ ನಡುವೆ ತಲೆಯೆತ್ತಿ ಠಾಣೆಗೆ ನಡೆದಳು. ದಫೇದಾರನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು: ಗೂಟ, ತಟ್ಟೆ, ಸುಣ್ಣ. ಅವನು ಮೊದಲು ನಕ್ಕ, ಆಮೇಲೆ ಒಳಗೆ ಹೋಗಿ ಸಾಹೇಬರನ್ನು ಕರೆತಂದ. ಸಾಹೇಬರು ಬೈಯಲಿಲ್ಲ. ಬಹಳ ಸಮಾಧಾನವಾಗಿ ಕೇಳಿದರು.

“ಮನೇಲಿ ಎಷ್ಟು ಜನ ಹೆಂಗಸರು ಈ ಕಸುಬು ಮಾಡ್ತಾರೆ?”

“ನನ್ನ ಇಬ್ರು ಮಕ್ಳು, ಸ್ವಾಮಿ. ಕಳ್ಳತನ ಇಲ್ಲ, ಮೋಸ ಇಲ್ಲ.”

“ಯಜಮಾನಿಕೆ ಯಾರದು?”

“ನಂದೇ. ನಾನು ಜಗಲಿ ಮ್ಯಾಲೆ ಇಲ್ದಿದ್ರೆ ಇವತ್ತು ಹೆಣ ಬೀಳ್ತಿತ್ತು.”

“ನೀನು ಉಣ್ಣೋದು ಇವರ ದುಡಿಮೆಯಿಂದಲಾ?”

“ಮತ್ತೆ? ನಾನು ದುಡಿವಾಗ ಇವ್ರು ಉಂಡ್ರು. ಈಗ ಇವ್ರು ದುಡೀತಾರೆ, ನಾನು ಉಣ್ತೀನಿ.”

ಆ ಕಾನೂನನ್ನು ಮುಂದೆ ನಾನು ಪರೀಕ್ಷೆಗಾಗಿ ಓದಿದೆ. ಒಂಟಿ ಹೆಂಗಸು ತನ್ನ ಮನೆಯಲ್ಲಿ ಈ ಕಸುಬು ಮಾಡಿದರೆ ಅದಷ್ಟಕ್ಕೇ ಅಪರಾಧವಲ್ಲ. ಇಬ್ಬರು ಒಂದೇ ಮನೆಯಲ್ಲಿ, ಇಬ್ಬರ ಲಾಭಕ್ಕೆ ಮಾಡಿದರೆ ಆ ಮನೆ ವೇಶ್ಯಾಗೃಹ. ಅದನ್ನು ನಡೆಸುವವಳು ಅಪರಾಧಿ, ಆ ದುಡಿಮೆಯ ಅನ್ನ ಉಂಡವಳೂ ಅಪರಾಧಿ. ಅಜ್ಜಿಯ ಒಂದೊಂದು ಉತ್ತರವೂ ಒಂದೊಂದು ಕಲಮಾಗಿತ್ತು. ಎದುರಾಳಿಗೆ ಬೇಕಾದ್ದನ್ನು ತಾನಾಗಿ ಎತ್ತಿ ಕೊಡುವವರನ್ನು ಚರ್ಚೆಯಲ್ಲಿ ನಾನು ಬಹಳ ಮಂದಿಯನ್ನು ನೋಡಿದ್ದೇನೆ. ಆದರೆ ಅಷ್ಟು ಹೆಮ್ಮೆಯಿಂದ ಕೊಟ್ಟವಳು ಇವಳೊಬ್ಬಳೇ. ಯಾವುದು ನಮ್ಮನ್ನು ಕಾಯುತ್ತಿತ್ತೋ, ಅಂದರೆ ಒಟ್ಟಿಗೆ ಇರುವುದು, ಅದೇ ಗುನ್ನೆ.

ಅವಳನ್ನು ಅಲ್ಲೇ ಕೂರಿಸಿಕೊಂಡರು. ಮನೆ ಜಪ್ತಿಗೆ ನಾಲ್ವರು ಪೋಲೀಸರು ಹೋದರು. ಅವ್ವನೂ ನಾನೂ ಅವರ ಹಿಂದೆ ಓಡಿದೆವು. ಚಿಗವ್ವ ಬಾಗಿಲಿಗೆ ಅಡ್ಡ ನಿಂತು, ಹಿಡಿಯಬೇಕಾದವನ ಕುತ್ತಿಗೆ ಸುಟ್ಟಿದೆ, ಗುರುತು ಸುಲಭ, ಹೋಗಿ ಹಿಡಿಯಿರಿ ಅಂದಳು. ಒಬ್ಬ ಲಾಠಿಯಿಂದ ಅವಳ ಮಂಡಿಗೆ ಬಿಟ್ಟ. ಅವಳು ಕುಸಿದಳು. ಎದ್ದು ಅವನ ಕೈ ಕಚ್ಚಿದಳು. ಆಮೇಲೆ ಅವಳನ್ನು ಹೊಡೆದದ್ದಕ್ಕೆ ಕಾನೂನಾಗಲಿ ಲೆಕ್ಕವಾಗಲಿ ಇರಲಿಲ್ಲ. ಮಡಕೆಗಳನ್ನು ಒದ್ದರು, ಗೂಟಗಳನ್ನು ಕಿತ್ತರು, ಹಾಸಿಗೆ ಸೀಳಿದರು. ಜಡೆ ಹಿಡಿದು ಅವಳನ್ನು ಸಂತೆಯೊಳಗೆ ನಡೆಸಿಕೊಂಡು ಹೋಗುವಾಗ ಮೆಣಸಿನಕಾಯಿ ಮಾರುವವರು, ಬಳೆ ಮಾರುವವರು, ನಮ್ಮ ಜಗಲಿಯ ಗೂಟಕ್ಕೆ ಎಷ್ಟೋ ಸಲ ಕತ್ತಿ ತೂಗುಹಾಕಿದವರು ಎಲ್ಲರೂ ನೋಡಿದರು. ಒಬ್ಬ ಕೂಗಿದ:

“ಶಾಂತವ್ವ, ಮೆರವಣಿಗೆ ಜೋರೈತಲ್ಲ.”

“ನಿಮ್ಮಪ್ಪನ್ನೂ ಕರಕಂಡು ಬಾ, ಅವನಿಗೆ ದಾರಿ ಗೊತ್ತೈತೆ,” ಅಂದಳು ಚಿಗವ್ವ, ಬಾಯಲ್ಲಿ ರಕ್ತ ತುಂಬಿಕೊಂಡೇ.

ಕೋರ್ಟಿನಲ್ಲಿ ವೀರಭದ್ರಪ್ಪ ಸಾಕ್ಷಿಯಾಗಿ ಬಂದ. ಸುಟ್ಟ ಕುತ್ತಿಗೆಗೆ ರೇಷ್ಮೆಯ ವಸ್ತ್ರ ಸುತ್ತಿಕೊಂಡು, ತಾನು ದಾರಿ ತಪ್ಪಿ ನೀರು ಕೇಳಲು ಹೋಗಿದ್ದೆನೆಂದ. ಯಾರೂ ನಗಲಿಲ್ಲ. ಅಜ್ಜಿಗೆ ಜೈಲಾಯಿತು. ಅವ್ವನನ್ನೂ ಚಿಗವ್ವನನ್ನೂ ಎಚ್ಚರಿಕೆ ಕೊಟ್ಟು ಬಿಟ್ಟರು. ನನ್ನ ವಿಷಯ ಬಂದಾಗ ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ; ಅದೇ ತೊಂದರೆ.

“ನೋಡಮ್ಮ, ನೀನು ಒಬ್ಬಳೇ ಬೇರೆ ಮನೆ ಮಾಡಿಕೊಂಡು ಇರುವುದಾದರೆ ಮಗಳು ನಿನ್ನ ಹತ್ತಿರ ಇರಲಿ, ಶಾಲೆಗೆ ಹೋಗಲಿ. ತಾಯಿ ತಂಗಿ ಅಂತ ಮತ್ತೆ ಒಂದೇ ಮನೆ ಮಾಡಿದರೆ ಈ ಹುಡುಗಿಯನ್ನು ರಕ್ಷಣಾಲಯಕ್ಕೆ ಕಳಿಸಬೇಕಾಗುತ್ತದೆ.”

ಅವ್ವ ತಲೆಯಾಡಿಸಿದಳು. ಮಾತಾಡಲು ಅವಳಿಗೆ ಇನ್ನೂ ಬರುತ್ತಿರಲಿಲ್ಲ.

ಹೀಗೆ ನಾವು ಕಾನೂನಿಗೆ ಸರಿಯಾದೆವು. ಚಿಗವ್ವ ಸೊರಬಕ್ಕೆ ಹೋಗಿ ಯಾರದೋ ಹಿತ್ತಲ ಕೋಣೆ ಹಿಡಿದಳು. ಅವ್ವ ಶಿಕಾರಿಪುರದಲ್ಲಿ, ಒಂದೇ ಸೂರಿನ ಸಾಲುಮನೆಗಳಲ್ಲಿ ತುದಿಯದೊಂದು ಖೋಲಿ ಹಿಡಿದಳು. ಒಂದೇ ಬಾಗಿಲು, ಒಂದೇ ಕಿಟಕಿ. ಜಗಲಿಯ ಮೇಲೆ ಕೂರಲು ಯಾರೂ ಇರಲಿಲ್ಲ. ಬಂದವನು ಕುಡಿದಿದ್ದಾನೋ, ಸೊಂಟದಲ್ಲಿ ಏನಿದೆಯೋ, ಬಾಗಿಲು ತೆರೆದ ಮೇಲೆಯೇ ತಿಳಿಯುತ್ತಿತ್ತು. ಯಾರಾದರೂ ಬಂದಾಗ ನಾನು ಹೊರಗೆ ಬೀದಿಯ ಕೊನೆಯ ಕಟ್ಟೆಗೆ ಹೋಗಿ ಮಗ್ಗಿ ಹೇಳುತ್ತ ಕೂರಬೇಕು. ಅವ್ವ ತಟ್ಟೆ ಇಡುವುದನ್ನೇ ಬಿಟ್ಟಳು. ಒಲ್ಲೆನೆಂದರೆ ಹಿಂದೆ ನಿಲ್ಲುವವರು ಬೇಕು. ಒಬ್ಬಳ ಒಲ್ಲೆ ಬರೀ ಸದ್ದು. ಒಂದು ದಿನ ಮೈಮೇಲೆ ಬೀಡಿಯಿಂದ ಸುಟ್ಟ ಗುರುತು, ಇನ್ನೊಂದು ದಿನ ಊದಿದ ಕಣ್ಣು. ಪಕ್ಕದ ಖೋಲಿಯವರು ಗದ್ದಲ ಕೇಳಲಾರದೆ ಖಾಲಿ ಮಾಡಿಕೊಂಡು ಹೋದರು. ಆಮೇಲೆ ವೀರಭದ್ರಪ್ಪ ಪತ್ತೆ ಹಚ್ಚಿಕೊಂಡು ಬಂದ. ನಾನು ಕಟ್ಟೆಯಿಂದ ಓಡಿ ಬಂದು ಬಾಗಿಲು ಬಡಿದೆ, ಒಳಗಿನಿಂದ ಚಿಲಕ ಹಾಕಿತ್ತು. ಸಾಲುಮನೆಯ ಒಂದೊಂದು ಬಾಗಿಲನ್ನೂ ಬಡಿದೆ. ಒಬ್ಬಾಕೆ ಕಿಟಕಿಯಿಂದ, “ನಮಗ್ಯಾಕವ್ವ ಕೋರ್ಟು ಕಚೇರಿ,” ಅಂದಳು. ಬಾಗಿಲು ತೆರೆದಾಗ ಅವ್ವನ ಬಲಗೈ ಮಣಿಕಟ್ಟಿನ ಹತ್ತಿರ ಬೇರೆ ಕಡೆಗೆ ತಿರುಗಿತ್ತು. ಇನ್ನೊಂದು ಸಲ ಬರುತ್ತೇನೆಂದು ಹೇಳಿ ಹೋಗಿದ್ದ.

ಅಜ್ಜಿ ಬಿಡುಗಡೆಯಾಗಿ ಬಂದದ್ದು ಆ ಕೈಗೆ ಬಿದಿರ ದಬ್ಬೆ ಕಟ್ಟಿದ್ದಾಗ. ಬಹಳ ಸಣ್ಣಗಾಗಿದ್ದಳು. ಚಿಗವ್ವನೂ ಸುದ್ದಿ ಕೇಳಿ ಸೊರಬದಿಂದ ಬಸ್ಸಿನಲ್ಲಿ ಬಂದಿದ್ದಳು. ಅಜ್ಜಿ ಮಗಳ ದವಡೆ ಮುಟ್ಟಿದಳು, ಕೈ ಮುಟ್ಟಿದಳು. ಅಳಲಿಲ್ಲ.

“ನಾವು ಇಲ್ಲೇ ಇರ್ತೀವಿ,” ಅಂದಳು.

“ಬ್ಯಾಡ,” ಅಂದಳು ಅವ್ವ. ದವಡೆ ವಾರೆಯಾಗಿದ್ದರಿಂದ ಅವಳ ಮಾತು ಒಂದು ಪಕ್ಕದಿಂದ ಬರುತ್ತಿತ್ತು. “ಮಗೂನ ಎಳ್ಕಂಡು ಹೋಗ್ತಾರೆ.”

“ನೀನು ಸತ್ರೆ? ಆಗ ಎಲ್ಲಿಗೆ ಕಳಿಸ್ತಾರೆ? ಅದೇ ರಕ್ಷಣಾಲಯಕ್ಕೆ ತಾನೆ?”

“ನಾ ಸಾಯಾದಿಲ್ಲ. ತಡ್ಕಂತೀನಿ. ಇದು ಶಾಲಿ ಮುಗಿಸ್ಲಿ.”

“ಇನ್ನೊಂದ್ಸಲ ಆ ಮುಂಡೇಗಂಡ ಬಂದ್ರೆ ತಡ್ಕಳಾಕೆ ನಿನ್ನತ್ರ ಕೈಯೇ ಉಳ್ಯಾದಿಲ್ಲ, ಅಕ್ಕ,” ಅಂದಳು ಚಿಗವ್ವ.

ಅಜ್ಜಿ ಎದ್ದು ಹೊರಗೆ ಹೋಗಿ ಬೀದಿಯಲ್ಲಿ ನಿಂತು ಸಾಲುಮನೆಯನ್ನು ನೋಡಿದಳು, ಖಾಲಿ ಬಿದ್ದಿದ್ದ ಪಕ್ಕದ ಬಾಗಿಲನ್ನು ನೋಡಿದಳು. ಮರುದಿನ ಆ ಖೋಲಿಯನ್ನು ತನ್ನ ಹೆಸರಲ್ಲಿ ಹಿಡಿದಳು. ತಾನೂ ಚಿಗವ್ವನೂ ಅಲ್ಲಿ; ಅಲ್ಲಿ ಕಸುಬಿಲ್ಲ, ಚಿಗವ್ವ ಭತ್ತ ಕುಟ್ಟುವ ಕೂಲಿ ಹಿಡಿದಳು. ಅವ್ವನೂ ನಾನೂ ಇಲ್ಲಿ. ಬೀದಿಯಿಂದ ಯಾರು ನೋಡಿದರೂ ಎರಡು ಬಾಗಿಲು, ಎರಡು ಮನೆ. ಎರಡರ ನಡುವೆ ಇದ್ದದ್ದು ಹಸಿ ಇಟ್ಟಿಗೆಯ ಗೋಡೆ. ಒಂದು ಬೆಳಗ್ಗೆ ಚಿಗವ್ವ ಒರಳಿನಲ್ಲಿ ಏನೂ ಹಾಕದೆ ಬರೀ ಒನಕೆ ಕುಟ್ಟತೊಡಗಿದಳು. ಒಂದೊಂದು ಪೆಟ್ಟಿಗೂ ಸರಿಯಾಗಿ ಅಜ್ಜಿ ಹಾರೆಯಿಂದ ಗೋಡೆಗೆ ಹಾಕಿದಳು. ಜೈಲಿನ ಅನ್ನ ಉಂಡು ಬಂದ ಮುದುಕಿ ಅಷ್ಟು ಜೋರಾಗಿ ಹಾರೆ ಬೀಸುವುದನ್ನು ನಾನು ಬಾಯಿಬಿಟ್ಟು ನೋಡಿದೆ. ಒಬ್ಬರು ಬಗ್ಗಿ ನುಗ್ಗುವಷ್ಟು ಕಂಡಿಯಾದ ಮೇಲೆ ನಿಲ್ಲಿಸಿ, ಈಚೆ ಕಡೆ ಭತ್ತದ ಚೀಲ ಒರಗಿಸಿ ಮುಚ್ಚಿದಳು. ಇನ್ನು ನಾನು ಕಟ್ಟೆಗೆ ಹೋಗಬೇಕಾಗಿರಲಿಲ್ಲ. ಯಾರಾದರೂ ಬಂದರೆ ಕಂಡಿಯಿಂದ ನುಸುಳಿ ಅಜ್ಜಿಯ ಹತ್ತಿರ ಕೂರುವುದು, ಅವಳು ಗೋಡೆಗೆ ಕಿವಿಗೊಟ್ಟು ಕೂರುವುದು.

ವೀರಭದ್ರಪ್ಪ ಬಂದ. ಮಧ್ಯಾಹ್ನದ ಬಿಸಿಲಲ್ಲಿ ಅವನ ಚಪ್ಪಲಿಯ ಸದ್ದು ಕೇಳುತ್ತಲೇ ಅವ್ವ ನನ್ನನ್ನು ಕಂಡಿಯೊಳಗೆ ತಳ್ಳಿ ಚೀಲ ಎಳೆದಳು. ಆಚೆಯಿಂದ ಅವನ ದನಿ ಸ್ಪಷ್ಟವಾಗಿ ಕೇಳಿಸಿತು.

“ಒಬ್ಬಳೇ ಇರ್ಬೇಕು ಅಂತ ಕೋರ್ಟೇ ಹೇಳೈತಲ್ಲ ಮಾರಾಯ್ತಿ. ಕಾನೂನು ನಂಗೂ ಗೊತ್ತುಂಟು.”

ಚಿಲಕ ಬಿದ್ದ ಸದ್ದು. ಅಜ್ಜಿ ನನ್ನನ್ನು ಮೂಲೆಗೆ ಸರಿಸಿ ಒನಕೆ ತೆಗೆದುಕೊಂಡಳು. ಚಿಗವ್ವ ಅದಾಗಲೇ ಚೀಲ ಒದ್ದು ಒಳಗೆ ಹೋಗಿದ್ದಳು. ನಾನು ಕಂಡಿಯಿಂದ ನೋಡಿದೆ. ಗೋಡೆಯೊಳಗಿಂದ ಹೆಂಗಸರು ಬರುವುದನ್ನು ಕಂಡು ಅವನ ಮುಖದಲ್ಲಿ ಭಯಕ್ಕಿಂತ ಮೊದಲು ಬಂದದ್ದು ಒಂದು ರೀತಿಯ ದೂರು, ಇದು ಅನ್ಯಾಯ ಎನ್ನುವ ಹಾಗೆ. ಚಿಗವ್ವ ಅವನ ಸುಟ್ಟ ಕುತ್ತಿಗೆಗೇ ಕೈ ಹಾಕಿದಳು. ಅಜ್ಜಿಯ ಒನಕೆ ಮೊಣಕಾಲಿಗೆ ಬಿತ್ತು, ಅವನು ಬಿದ್ದ. ಅವ್ವ ಒಲೆಯ ಪಕ್ಕದ ಕಟ್ಟಿಗೆಯೊಂದನ್ನು ಎಡಗೈಯಲ್ಲಿ ಎತ್ತಿಕೊಂಡು ಹೊಡೆಯತೊಡಗಿದಳು. ಒಂದು ಮಾತೂ ಆಡದೆ, ಬಟ್ಟೆ ಒಗೆಯುವವಳ ಹಾಗೆ, ಒಂದೇ ಲಯದಲ್ಲಿ. ಅವನು ಅಮ್ಮಾ ಎಂದ, ತಾಯಿ ಎಂದ, ಕೊನೆಗೆ ಅವ್ವನ ಹೆಸರು ಹಿಡಿದು ಗಂಗವ್ವನೋರೇ ಎಂದ. ಅವಳು ನಿಲ್ಲಿಸಲಿಲ್ಲ.

“ತಲಿಗೆ ಬ್ಯಾಡ,” ಅಂದಳು ಅಜ್ಜಿ, ಉಸಿರು ಹಿಡಿದುಕೊಂಡು. “ಸತ್ರೆ ಹೆಣ ನಮ್ಮ ಮನೇಲಿ ಬೀಳ್ತದೆ. ಕಾಲಿಗೆ ಹಾಕು.”

ಅವ್ವ ಕಾಲಿಗೆ ಹಾಕಿದಳು.

ಅವನು ತೆವಳಿಕೊಂಡು ಬೀದಿಗೆ ಹೋದ. ಸಾಲುಮನೆಯ ಕಿಟಕಿಗಳಲ್ಲಿ ಮುಖಗಳಿದ್ದವು. ಅವನಿಗೂ ಯಾರೂ ಬಾಗಿಲು ತೆರೆಯಲಿಲ್ಲ. ಅವನು ಠಾಣೆಗೆ ಹೋಗಲಿಲ್ಲವೆಂದು ಕಾಣುತ್ತದೆ, ಪೋಲೀಸರು ಬರಲಿಲ್ಲ. ಇದನ್ನು ನಾನು ಗೆಲುವು ಎನ್ನುವುದಿಲ್ಲ. ಹಾಗೆಂದು ಚಪ್ಪಾಳೆ ತಟ್ಟುವವರ ಮುಂದೆ ಈ ಕತೆ ಹೇಳುವುದನ್ನೇ ಬಿಟ್ಟಿದ್ದೇನೆ. ಆ ಕಂಡಿಯನ್ನು ಯಾರಾದರೂ ಒಬ್ಬರು ನೋಡಿ ಹೇಳಿದ್ದರೆ ಎರಡು ಮನೆ ಒಂದಾಗಿ, ನಾನು ರಕ್ಷಣಾಲಯದಲ್ಲಿ ಬೆಳೆಯುತ್ತಿದ್ದೆ. ಶಾಲೆಯಲ್ಲಿ ಮೇಷ್ಟ್ರು ಮನೆಯ ಬಗ್ಗೆ ಏನು ಕೇಳಿದರೂ ಎದ್ದು ನಿಂತು ಬೇರೇನೋ ಪ್ರಶ್ನೆ ಕೇಳಿ ಅವರನ್ನು ವಾದಕ್ಕೆ ಎಳೆಯುವುದನ್ನು ನಾನು ಕಲಿತದ್ದು ಆ ಭಯದಿಂದ. ಜನ ಅದನ್ನು ನನ್ನ ಪ್ರತಿಭೆ ಎನ್ನುತ್ತಾರೆ.

ಅವತ್ತು ಚಿಗವ್ವ ನೆಲ ಸಾರಿಸಿದಳು. ಅಜ್ಜಿ ನನಗೆ ಅನ್ನ ಹಾಕಿ, ಕಂಡಿಯ ಅಂಚಿನ ಒಡಕು ಮಣ್ಣನ್ನು ನೀರು ಚಿಮುಕಿಸಿ ಸವರುತ್ತ ಕೂತಳು, ಯಾರ ಮೈಗೂ ತರಚದ ಹಾಗೆ. ಅವ್ವ ಕಟ್ಟಿಗೆ ಕೆಳಗಿಟ್ಟವಳು ಅಲ್ಲೇ ಗೋಡೆಗೆ ಒರಗಿ ಕಾಲು ಚಾಚಿದಳು. ಶಿಕಾರಿಪುರಕ್ಕೆ ಬಂದ ಮೇಲೆ ಅವಳು ಹಗಲು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವ್ವ ವಾರೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತ ಮಲಗಿಬಿಟ್ಟಿದ್ದಳು.